ಪ್ರತಿ ಶನಿವಾರದ ಖಾಲಿ ನಕಲು

ಆ ಹಾಳೆ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಮ್ಯಾನೇಜರ್ ಮೇಲಿನ ದೂರಿನ ಹಾಗೆ ಕೇಳಿಸುತ್ತದೆ. ದೂರು ಹೇಳುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಅದು ಬೇರೆ ವಿಷಯ.

ಹಲಸೂರಿನ ಹಿಂದಿನ ಓಣಿಯೊಂದರಲ್ಲಿ ಸಮಾಧಿ ಕಲ್ಲು ಕೆತ್ತುವ ಅಂಗಡಿಯಿದೆ. ಅಲ್ಲಿನ ಕಂಪ್ಯೂಟರಿನ ಮೇಲುಗಡೆ ಗೋಡೆಗೆ ಎಂಟು ವರ್ಷದ ಹಿಂದೆ ಒಂದು ಹಾಳೆ ಅಂಟಿಸಿ ಬಂದಿದ್ದೆ. ನೀಲಿ ಸ್ಕೆಚ್ ಪೆನ್ನಿನಲ್ಲಿ ದಪ್ಪ ದಪ್ಪ ಅಕ್ಷರ: ‘ಪ್ರತಿ ಶನಿವಾರ. ಸಿ ಡ್ರೈವ್ → ಪ್ರೋಗ್ರಾಂ ಫೈಲ್ಸ್ → ನಮ್ಮ ಫೋಲ್ಡರ್. ಪೂರ್ತಿ ಕಾಪಿ ಮಾಡಿ. ಪೆನ್ ಡ್ರೈವ್‌ಗೆ ಹಾಕಿ. ಅಷ್ಟೇ!’ ಆ ‘ಅಷ್ಟೇ’ ಅಡಿಗೆ ಎರಡು ಗೆರೆ ಬೇರೆ ಎಳೆದಿದ್ದೆ. ಎಷ್ಟು ಧೈರ್ಯ ನೋಡಿ ನನಗೆ.

ನಮ್ಮ ಆಫೀಸು ಗರುಡಾಚಾರ್‌ಪಾಳ್ಯದಲ್ಲಿ, ಪೈಪು ಬಗ್ಗಿಸುವ ಶೆಡ್ಡೊಂದರ ಮೇಲಿನ ಮಹಡಿ. ಹನ್ನೊಂದು ಜನ. ಕಲ್ಲು, ಮರ, ಹಿತ್ತಾಳೆಯ ಮೇಲೆ ಕೆತ್ತುವ ಯಂತ್ರಗಳಿಗೆ ನಾವು ಸಾಫ್ಟ್‌ವೇರ್ ಮಾಡುತ್ತೇವೆ. ಪರದೆಯ ಮೇಲೆ ಅಕ್ಷರ ಜೋಡಿಸಿದರೆ ಯಂತ್ರದ ಮೊಳೆ ಅದೇ ದಾರಿಯಲ್ಲಿ ಓಡಾಡಿ ಕೆತ್ತುತ್ತದೆ. ಪ್ರೋಗ್ರಾಂ ಅನ್ನು ಗಿರಾಕಿಯ ಕಂಪ್ಯೂಟರಿಗೆ ಇಳಿಸುವ ಭಾಗ ನನ್ನದು: ಯಾವ ಫೈಲು ಎಲ್ಲಿ ಕೂರಬೇಕು, ಅಪ್‌ಡೇಟ್ ಬಂದಾಗ ಯಾವುದು ಉಳಿಯಬೇಕು, ತೆಗೆದುಹಾಕಿದಾಗ ಯಾವುದು ಹೋಗಬೇಕು. ಯಾರೂ ಹೊಗಳದ ಕೆಲಸ. ಮನೆ ಕಟ್ಟಿದವರನ್ನು ಹೊಗಳುತ್ತಾರೆ, ಚರಂಡಿ ಹಾಕಿದವರನ್ನು ಯಾರು ಕೇಳುತ್ತಾರೆ?

ಆಗ ಕಂಪನಿ ಚಿಕ್ಕದಿತ್ತು. ಹಾಗಾಗಿ ಹಲಸೂರಿನ ಅಂಗಡಿಗೆ ಹೋಗಿ ಕಲಿಸಿಕೊಟ್ಟವಳೂ ನಾನೇ. ಅಂಗಡಿಯ ಮೇಸ್ತ್ರಿ ಉಳಿ ಹಿಡಿದು ಮೂವತ್ತು ವರ್ಷ ಕೆತ್ತಿದವರು. ಮನೆಮಾತು ತಮಿಳು, ಗಿರಾಕಿ ಯಾವ ಭಾಷೆಯಲ್ಲಿ ಅಳುತ್ತಾನೋ ಆ ಭಾಷೆಯಲ್ಲಿ ಸಮಾಧಾನ ಹೇಳುವಷ್ಟು ಎಲ್ಲವೂ ಗೊತ್ತು. ಯಂತ್ರ ತರಿಸಿದಾಗ ಅವರು ಹಾಕಿದ್ದು ಒಂದೇ ಷರತ್ತು.

“ಅಕ್ಷರ ನಂದೇ ಇರ್ಬೇಕಮ್ಮಾ. ನಿಮ್ದು ಬಸ್ ಸ್ಟಾಂಡ್ ಬೋರ್ಡ್ ತರ ಇದೆ. ಸತ್ತವ್ರ ಮೇಲೆ ಅದನ್ನ ಹೆಂಗ್ ಹಾಕೋದು?”

ಎಂಟು ತಿಂಗಳು ಕೂತು ಬರೆದರು. ತಮಿಳು, ಕನ್ನಡ, ಇಂಗ್ಲಿಷು, ಅಂಕಿಗಳು. ಬೆಣ್ಣೆ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಒಂದೊಂದು ತಿರುವಿಗೂ ಚುಕ್ಕಿ ಇಟ್ಟು ಸರಿಮಾಡಿದರು. ಒಂದೊಂದು ಅಕ್ಷರವೂ ಒಂದೊಂದು ಫೈಲು. ಎಲ್ಲ ಮುಗಿದ ದಿನ ನನಗೆ ಕರೆದು ತೋರಿಸಿದರು. ನನಗೆ ತಮಿಳು ಓದಲು ಬರುವುದಿಲ್ಲ. ಆದರೂ ಆ ಅಕ್ಷರಗಳು ಕಾಲು ಚಾಚಿ ಕೂತ ಮನುಷ್ಯರಷ್ಟು ನಿರಾಳವಾಗಿದ್ದವು ಅಂತ ನನಗೂ ಗೊತ್ತಾಯಿತು. ಮೇಜಿನ ಕೆಳಗಿದ್ದ ಬೆಣ್ಣೆ ಕಾಗದದ ಕಟ್ಟು ನೋಡಿ, “ಇನ್ನು ಇದೆಲ್ಲ ಯಾಕೆ ಸಾರ್, ಕಂಪ್ಯೂಟರಲ್ಲಿ ಸೇಫಾಗಿದೆಯಲ್ಲ” ಎಂದೆ. ಅವರು ಅದನ್ನು ರದ್ದಿಯವನಿಗೆ ಕೊಟ್ಟರು.

ಮರುವರ್ಷವೋ ಅದರಾಚೆಯೋ ಅವರ ಹೆಂಡತಿ ತೀರಿಕೊಂಡರು. ಗಂಡ ಹೆಂಡತಿಗೆ ಒಂದೇ ಕಲ್ಲು ಮಾಡುವ ರೂಢಿ ಅಲ್ಲಿದೆ. ಮೊದಲು ಹೋದವರ ಹೆಸರನ್ನು ಮೇಲರ್ಧದಲ್ಲಿ ಕೆತ್ತಿ, ಕೆಳಗಿನ ಅರ್ಧ ಖಾಲಿ ಬಿಡುತ್ತಾರೆ. ಮೇಸ್ತ್ರಿ ಹೆಂಡತಿಯ ಹೆಸರು ಕೆತ್ತಿದ ದಿನವೇ ಕೆಳಗಿನ ಅರ್ಧಕ್ಕೆ ತಮ್ಮ ಹೆಸರನ್ನೂ ಪರದೆಯ ಮೇಲೆ ಜೋಡಿಸಿ, ಅಳತೆ ಕೂಡಿಸಿ, ಫೈಲು ಮಾಡಿ ಇಟ್ಟರು. ಒಮ್ಮೆ ಸರ್ವೀಸಿಗೆ ಹೋದಾಗ ಅದನ್ನು ತೋರಿಸಿ ನಕ್ಕರು. “ಎಲ್ಲಾ ರೆಡಿ. ಕೊನೇ ತಾರೀಖು ಒಂದು ಮಗಳು ಹಾಕ್ಬೇಕು.” ಯಂತ್ರ ನಡೆಸುವವಳು ಆ ಮಗಳೇ. “ಬಾಯಿ ಮುಚ್ಕೊಂಡ್ ಟೀ ಕುಡೀಪ್ಪಾ” ಎಂದು ಅವಳು ಗದರಿದಳು.

ಆಮೇಲೆ ಮೇಸ್ತ್ರಿಯ ಬಲಗೈಗೆ ನಡುಕ ಬಂತು. ಟೀ ಲೋಟ ಎರಡೂ ಕೈಯಲ್ಲಿ ಹಿಡಿಯಬೇಕು. ಹೊಸ ಅಕ್ಷರ ಬರೆಯುವ ಮಾತು ಅಲ್ಲಿಗೆ ಮುಗಿಯಿತು. ಇದ್ದ ಅಕ್ಷರಗಳಿಂದಲೇ ಅಂಗಡಿ ನಡೆಯುತ್ತಿತ್ತು. ಪ್ರತಿ ಶನಿವಾರ ಸಂಜೆ ಯಂತ್ರ ಒರೆಸಿ, ಗೋಡೆಯ ಹಾಳೆ ನೋಡಿಕೊಂಡು, ಆ ಫೋಲ್ಡರನ್ನು ಅವರೇ ಪೆನ್ ಡ್ರೈವಿಗೆ ಕಾಪಿ ಮಾಡುತ್ತಿದ್ದರು. ಅದನ್ನು ಮಗಳ ಕೈಗೂ ಕೊಡುತ್ತಿರಲಿಲ್ಲ.

ಕಳೆದ ವರ್ಷ ನಾವು ಪ್ರೋಗ್ರಾಮಿನ ಹೊಸ ಆವೃತ್ತಿ ತರಲು ಹೊರಟೆವು. ಫೈಲುಗಳನ್ನು ಸರಿಯಾದ ಜಾಗಕ್ಕೆ ಸಾಗಿಸಲು ಇದೇ ಸಮಯ ಎಂದು ನಾನು ಮೀಟಿಂಗಿನಲ್ಲಿ ಪಟ್ಟು ಹಿಡಿದೆ. ನನ್ನ ವಾದದಲ್ಲಿ ಕಷ್ಟದ್ದೇನೂ ಇರಲಿಲ್ಲ. ನಾವು ಕೊಟ್ಟದ್ದು, ಅಂದರೆ ಪ್ರೋಗ್ರಾಂ, ಅದರ ಚಿತ್ರಗಳು, ನಮ್ಮ ಸಿದ್ಧ ಅಕ್ಷರಗಳು, ಪ್ರೋಗ್ರಾಂ ಫೋಲ್ಡರಿನಲ್ಲಿರಲಿ. ಕಳೆದುಹೋದರೆ ನಾವೇ ಮತ್ತೆ ಕೊಡಬಹುದು. ಯಂತ್ರದ ವೇಗ, ಮೊಳೆಯ ಅಳತೆ ಇಂಥ ಸೆಟ್ಟಿಂಗುಗಳು ಆ ಕಂಪ್ಯೂಟರಿನಲ್ಲಿ ಕೂರುವ ಎಲ್ಲರಿಗೂ ಒಂದೇ, ಅವಕ್ಕೆ ವಿಂಡೋಸ್ ಒಂದು ಸಾಮಾನ್ಯ ಜಾಗ ಕೊಟ್ಟಿದೆ. ಆದರೆ ಬಳಸುವವರು ತಾವೇ ಮಾಡಿದ್ದು ಅವರ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ, ಅವರ ಕಣ್ಣೆದುರಿಗೇ ಇರಬೇಕು.

ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿದರು. ಕಂಪನಿಯ ಮೊದಲ ಆವೃತ್ತಿ ಬರೆದವರು ಅವರು, ಅದರ ಒಂದು ಕೂದಲು ಕೊಂಕಿದರೂ ಅವರಿಗೆ ನೋವಾಗುತ್ತಿತ್ತು.

“ನೋಡಮ್ಮ, ನಮ್ಮ ಕಸ್ಟಮರ್ಸ್ ಕಲ್ಲು ಕುಟ್ಟೋರು. ಮೂರು ಜಾಗ ಹೇಳಿದ್ರೆ ತಲೆ ಕೆಟ್ಟೋಗುತ್ತೆ. ಒಂದೇ ಫೋಲ್ಡರ್, ಒಂದೇ ಕಾಪಿ. ಇಷ್ಟು ವರ್ಷ ಓಡಿಲ್ವಾ?”

“ಓಡಿದೆ ಅಂತ ಯಾರ್ ಸಾರ್ ನೋಡಿದ್ದು?” ಎಂದೆ.

“ಕಂಪ್ಲೇಂಟ್ ಬಂದಿಲ್ವಲ್ಲ.”

ನಾನು ಪರೀಕ್ಷೆ ಮಾಡಿ ತೋರಿಸಲು ನಿಂತೆ. ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಆಫೀಸಿನ ಕಂಪ್ಯೂಟರುಗಳಲ್ಲಿ ನಾವೆಲ್ಲ ಪೂರ್ತಿ ಅಧಿಕಾರ ಇಟ್ಟುಕೊಂಡು ಕೂತವರು, ಕಾವಲೆಲ್ಲ ತೆಗೆದು ಕೆಲಸ ಮಾಡುವವರು. ಅಂಗಡಿಯವರ ಕಂಪ್ಯೂಟರ್ ಹಾಗಿರುವುದಿಲ್ಲ. ಅಂಥದೊಂದನ್ನು ಸಿದ್ಧಮಾಡಿ, ಹಳೆಯ ಆವೃತ್ತಿ ಹಾಕಿ, ಒಂದು ಅಕ್ಷರ ಬರೆದು ಉಳಿಸಿದೆ. ಅದರ ಮೇಲೆ ಹೊಸ ಆವೃತ್ತಿ ಹಾಕಿದೆ. ಅಕ್ಷರ ಮಾಯ. ಹಳೆಯದನ್ನು ಮತ್ತೆ ಹಾಕಿದರೆ ಅಕ್ಷರ ಹಾಜರ್! ಆದರೆ ನಾನೇ ಹೋಗಿ ಪ್ರೋಗ್ರಾಂ ಫೋಲ್ಡರ್ ತೆರೆದು ನೋಡಿದರೆ ಅಲ್ಲಿ ಅದು ಇಲ್ಲವೇ ಇಲ್ಲ.

ಅರ್ಧ ದಿನ ತಲೆ ಚಚ್ಚಿಕೊಂಡ ಮೇಲೆ ಗೊತ್ತಾಯಿತು. ಸಾಮಾನ್ಯ ಬಳಕೆದಾರರಿಗೆ ಪ್ರೋಗ್ರಾಂ ಫೋಲ್ಡರಿನೊಳಗೆ ಏನನ್ನೂ ಬರೆಯಲು ವಿಂಡೋಸ್ ಬಿಡುವುದಿಲ್ಲ. ಆದರೆ ನಮ್ಮದರಂಥ ಹಳೆಯ ಪ್ರೋಗ್ರಾಂಗಳು ಕೆಟ್ಟು ನಿಲ್ಲಬಾರದೆಂದು ಒಂದು ನಾಟಕ ಆಡುತ್ತದೆ. ‘ಬರೆದಾಯಿತು’ ಎಂದು ಪ್ರೋಗ್ರಾಮಿಗೆ ಹೇಳಿ, ಫೈಲನ್ನು ಆ ಬಳಕೆದಾರರ ಹೆಸರಿನಡಿ ಅಡಗಿಸಿಟ್ಟ ಬೇರೊಂದು ಫೋಲ್ಡರಿಗೆ ಹಾಕುತ್ತದೆ. ಪ್ರೋಗ್ರಾಂ ಕೇಳಿದಾಗ ಅಲ್ಲಿಂದಲೇ ತೆಗೆದುಕೊಡುತ್ತದೆ. ಪ್ರೋಗ್ರಾಮಿಗೆ ಎಲ್ಲವೂ ತನ್ನ ಮನೆಯಲ್ಲೇ ಇದ್ದಂತೆ ಕಾಣುತ್ತದೆ. ಮನುಷ್ಯರು ಹೋಗಿ ನೋಡಿದರೆ ಮನೆ ಖಾಲಿ. ಹೊಸ ಬಗೆಯ ಪ್ರೋಗ್ರಾಂಗಳಿಗೆ ಈ ನಾಟಕದ ಅನುಕೂಲ ಇಲ್ಲ, ನಮ್ಮ ಹೊಸ ಆವೃತ್ತಿ ಆ ಬಗೆಯದು.

ಅಂದರೆ ಗೋಡೆಯ ಹಾಳೆ ಸುಳ್ಳು. ಶನಿವಾರಗಳೂ ಸುಳ್ಳು. ನನಗೆ ಆ ಕ್ಷಣವೇ ಮೇಸ್ತ್ರಿ ನೆನಪಾದರು. ಫೋನ್ ಮಾಡಬೇಕು ಅಂದುಕೊಂಡೆ.

ಮೊದಲು ಕೆಲಸ ಮುಗಿಸಿದೆ. ಹೊಸ ಆವೃತ್ತಿ ಮೊದಲ ಸಲ ತೆರೆದಾಗ ಆ ಅಡಗುದಾಣಕ್ಕೆ ಹೋಗಿ, ಸಿಕ್ಕಿದ್ದನ್ನೆಲ್ಲ ಡಾಕ್ಯುಮೆಂಟ್ಸಿಗೆ ತಂದು ಇಡುವ ಒಂದು ಹೆಜ್ಜೆ ಬರೆದೆ. ಮ್ಯಾನೇಜರಿಗೆ ತೋರಿಸಿದೆ. ಅವರು ನೋಡಿದರು, ಅರ್ಥವೂ ಆಯಿತು. ಆದರೆ ಯಂತ್ರ ಮಾರುವವರ ವಸ್ತುಪ್ರದರ್ಶನ ಮುಂದಿನ ವಾರವೇ ಇತ್ತು. “ಇದನ್ನ ಟೆಸ್ಟ್ ಮಾಡೋಕೆ ಎರಡು ವಾರ ಬೇಕು. ಮುಂದಿನ ಅಪ್‌ಡೇಟಲ್ಲಿ ಹಾಕೋಣ. ಫೈಲ್ಸ್ ಎಲ್ಲೂ ಹೋಗಲ್ವಲ್ಲ, ಅಲ್ಲೇ ಇರುತ್ತೆ ತಾನೇ?”

ಅಲ್ಲೇ ಇರುತ್ತಿದ್ದವು, ನಿಜ. ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ. “ಸರಿ ಸಾರ್, ನಿಮ್ಮಿಷ್ಟ” ಎಂದು ಎದ್ದು ಬಂದೆ. ಹೊಸ ತಿಪ್ಪಸಂದ್ರದ ಮನೆಗೆ ಹೋಗುವವರೆಗೂ ಬಸ್ಸಿನಲ್ಲಿ ಕೂತು ಕುದಿಯುತ್ತಿದ್ದೆ. ಆಗ ನಾನು ಅಂದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ: ಬಿಡಲಿ, ಹಂಗೇ ಬಿಡಲಿ, ಹತ್ತು ಜನ ಗಿರಾಕಿಗಳು ಫೋನಲ್ಲಿ ಬಾಯಿಗೆ ಬಂದ ಹಾಗೆ ಬೈಯಲಿ, ಆಗ ಈ ಮನುಷ್ಯ ನನ್ನ ಮೇಜಿನ ಹತ್ತಿರ ಬರುತ್ತಾನೆ. ಫೈಲುಗಳು ಎಲ್ಲಿ ಅಡಗಿವೆ ಎಂಬುದು ನನಗೆ ಗೊತ್ತಿದೆಯಲ್ಲ, ಒಂದೇ ಗಂಟೆಯಲ್ಲಿ ತೆಗೆದುಕೊಟ್ಟು ಮೆರೆಯುತ್ತೇನೆ. ಹಾಗಾಗಿ ಮೇಸ್ತ್ರಿಗೆ ಫೋನ್ ಮಾಡಲಿಲ್ಲ. ಗಿರಾಕಿಗಳ ಫೋನು ತೆಗೆಯುವ ಹುಡುಗಿಗೂ ಹೇಳಲಿಲ್ಲ. ಅವಳು ನನ್ನಿಂದ ಮೂರು ಕುರ್ಚಿ ಆಚೆ ಕೂರುತ್ತಿದ್ದಳು.

ಆವೃತ್ತಿ ಹೊರಗೆ ಹೋಯಿತು. ಮೂರನೆಯ ವಾರ ಹಲಸೂರಿನಿಂದ ಕರೆ ಬಂತು. ನಾನು ರಜೆಯಲ್ಲಿದ್ದೆ. ಅಣ್ಣನ ಮನೆಯಲ್ಲಿ ಮಗುವಿನ ನಾಮಕರಣ, ಸಿಹಿ ಬಡಿಸುತ್ತಿದ್ದೆ.

ಸೋಮವಾರ ಆಫೀಸಿಗೆ ಬಂದಾಗ ಫೋನು ತೆಗೆಯುವ ಹುಡುಗಿ, ರಾಯಚೂರು ಕಡೆಯವಳು, ನಾನು ಬ್ಯಾಗು ಇಳಿಸುವ ಮೊದಲೇ ಎದ್ದು ಬಂದಳು. “ಅಕ್ಕಾ, ಹಲಸೂರು ಮೇಸ್ತ್ರಿ ಅಕ್ಷರ ಒಂದೂ ಕಾಣವಲ್ವು ಅಂದ್ರು. ನಾ ರಿಮೋಟ್ ತಗೊಂಡು ನೋಡಿದ್ನಿ, ಫೋಲ್ಡರಿನ್ಯಾಗ ಏನೂ ಇದ್ದಿಲ್ಲ. ಕಂಪ್ಯೂಟರ್ ಭಾಳ ಹಳೇದಾಗಿತ್ತು. ಬ್ಯಾಕಪ್ ಐತೇನ್ರೀ ಅಂದೆ. ಪ್ರತಿ ಶನಿವಾರದ್ದು ಐತಮ್ಮಾ ಅಂದ್ರು. ಹಂಗಾರ ಫಾರ್ಮ್ಯಾಟ್ ಮಾಡಿಸಿ ಹೊಸ ವಿಂಡೋಸ್ ಹಾಕ್ಸಿಬಿಡ್ರಿ, ಆಮ್ಯಾಲ ಬ್ಯಾಕಪ್ ಹಾಕ್ಕೊಂಡ್ರಾತು ಅಂದೆ.”

“ಫಾರ್ಮ್ಯಾಟ್ ಮಾಡಿಸಿಬಿಟ್ರಾ?” ಎಂದೆ.

“ಮಾಡಿಸ್ಯಾರ. ಈಗ ಬ್ಯಾಕಪ್ಪಿನ್ಯಾಗೂ ಇಲ್ಲಂತ ಅಕ್ಕಾ. ನಂದೇನ್ ತಪ್ಪಾತು ಹೇಳ್ರಿ?”

ಏನೂ ಇಲ್ಲ ಎಂದೆ. ಅದು ಅವಳಿಗೆ ಹೇಳಿದ ಮೊದಲ ನಿಜ.

ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೋ ಹತ್ತಿದೆ. ಕೆ.ಆರ್. ಪುರ ದಾಟಿ ಹಲಸೂರು ಬರುವವರೆಗೂ ಒಂದೇ ಲೆಕ್ಕಾಚಾರ: ಫಾರ್ಮ್ಯಾಟ್ ಮಾಡಿದರೂ ಹಳೆಯ ಡಿಸ್ಕಿನಲ್ಲಿ ಚೂರುಪಾರು ಉಳಿದಿರುತ್ತದೆ, ಹೆಕ್ಕಿ ತೆಗೆಯಬಹುದು. ಅಂಗಡಿಗೆ ಹೋದಾಗ ಮೇಸ್ತ್ರಿ ಕಂಪ್ಯೂಟರಿನ ಮುಂದೆ ಕೂತಿದ್ದರು, ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು. ಮೊದಲು ಪೆನ್ ಡ್ರೈವ್ ಕೊಟ್ಟರು. ಬಿಸ್ಕತ್ತಿನ ಡಬ್ಬಿಯಲ್ಲಿ, ಬಟ್ಟೆ ಸುತ್ತಿ ಇಟ್ಟಿದ್ದರು. ಒಳಗೆ ಒಂದೊಂದು ಶನಿವಾರಕ್ಕೂ ಒಂದೊಂದು ಫೋಲ್ಡರ್, ಹೆಸರಿಗೆ ತಾರೀಖು. ಡ್ರೈವ್ ತುಂಬಿದಾಗ ಹಳೆಯದನ್ನು ಇಟ್ಟುಕೊಂಡು ಹೊಸ ಡ್ರೈವ್ ಕೊಂಡಿದ್ದಾರೆ. ನಾಲ್ಕು ಡ್ರೈವುಗಳು. ಮೊದಲನೆಯ ಶನಿವಾರ ತೆರೆದೆ. ನಮ್ಮ ಸಿದ್ಧ ಅಕ್ಷರಗಳು. ಎರಡನೆಯದು, ಹತ್ತನೆಯದು, ಕಳೆದ ಶನಿವಾರದ್ದು. ಬರೀ ನಮ್ಮ ಅಕ್ಷರಗಳು. ಎಲ್ಲ ಫೋಲ್ಡರುಗಳ ಗಾತ್ರವೂ ಒಂದೇ, ಒಂದು ಬೈಟಿನ ವ್ಯತ್ಯಾಸವೂ ಇಲ್ಲ. ಏಳು ವರ್ಷದಲ್ಲಿ ಒಂದು ಫೋಲ್ಡರ್ ಒಂದಿಷ್ಟೂ ದಪ್ಪಗಾಗಲಿಲ್ಲವಲ್ಲ ಎಂದು ನೋಡುವುದನ್ನು ನಾನು ಅವರಿಗೆ ಕಲಿಸಿರಲಿಲ್ಲ.

“ಡಿಸ್ಕ್ ಹಳೇದೇ ಇದೆಯಾ?” ಎಂದು ಮಗಳನ್ನು ಕೇಳಿದೆ.

“ಹೋದ ವರ್ಷ ಅದರಲ್ಲಿದ್ದದ್ದೆಲ್ಲ ಹಂಗೇ ಇಳಿಸಿ ಹೊಸದು ಹಾಕಿಸಿದ್ವಿ, ಹಳೇದು ಗುಜರಿಗೆ ಹೋಯ್ತು. ಎಸ್‌ಎಸ್‌ಡಿ. ಫಾಸ್ಟ್ ಆಗುತ್ತೆ ಅಂತ ನಿಮ್ಮ ಆಫೀಸಿನವ್ರೇ ಹೇಳಿದ್ದು.”

ಅದು ಅಳಿಸಿದ್ದನ್ನು ನಿಜವಾಗಿಯೂ ಒರೆಸಿಹಾಕುವ ಜಾತಿಯ ಡಿಸ್ಕು. ಆದರೂ ಬಿಚ್ಚಿಕೊಂಡು ಹೋದೆ. ಎರಡು ದಿನ ಮೂರು ಬಗೆಯ ಉಪಕರಣ ಹಚ್ಚಿ ಹುಡುಕಿದೆ. ಸಾಲು ಸಾಲು ಸೊನ್ನೆಗಳು ಬಂದವು. ಅಕ್ಷರ ಒಂದೂ ಸಿಗಲಿಲ್ಲ. ಅವರ ಹೆಸರಿನ ಆ ಫೈಲೂ ಸಿಗಲಿಲ್ಲ.

ಮ್ಯಾನೇಜರ್ ಕರೆದು ಬಾಗಿಲು ಹಾಕಿಕೊಂಡರು. “ಫಾರ್ಮ್ಯಾಟ್ ಮಾಡಿದ್ದು ಲೋಕಲ್ ಕಂಪ್ಯೂಟರ್ ಅಂಗಡಿಯವನು. ಅಷ್ಟೇ ಹೇಳು. ಸುಳ್ಳಲ್ವಲ್ಲ? ಹೊಸ ವರ್ಷನ್ ಫ್ರೀಯಾಗಿ ಕೊಡೋಣ.” ಬಾಗಿಲು ತೆಗೆಯುತ್ತಾ, “ನಿಂಗೂ ಅದೇ ಒಳ್ಳೇದು” ಎಂದರು.

ಆ ಮಾತು ನನಗೆ ನಾಟಿತು. ನನಗೂ ಅದೇ ಒಳ್ಳೆಯದಾಗಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಛೀ ಅನ್ನಿಸಿತು, ಅವರ ಮೇಲಲ್ಲ.

ಮಧ್ಯಾಹ್ನ ಕೂತು, ಪಕ್ಕಕ್ಕಿಟ್ಟಿದ್ದ ಆ ಹೆಜ್ಜೆಯನ್ನು ಪ್ರೋಗ್ರಾಮಿಗೆ ಸೇರಿಸಿ, ಯಾರನ್ನೂ ಕೇಳದೆ ಅಪ್‌ಡೇಟ್ ಬಿಟ್ಟೆ. ಫೋನು ತೆಗೆಯುವ ಹುಡುಗಿಗೆ ಎಲ್ಲ ವಿವರಿಸಿದೆ. ಅವಳು ಗಿರಾಕಿಗಳ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಕರೆ ಮಾಡಿ, “ಫಾರ್ಮ್ಯಾಟ್ ಮಾಡಬ್ಯಾಡ್ರಿ, ಮೊದಲ ಈ ಅಪ್‌ಡೇಟ್ ಹಾಕ್ಕೋರಿ” ಎಂದು ಹೇಳುತ್ತಾ ಹೋದಳು. ಉಳಿದವರೆಲ್ಲರ ಫೈಲುಗಳು ಉಳಿದವು. ನನ್ನ ಕೈಗೆ ಶಿಸ್ತಿನ ಪತ್ರ ಬಂತು. ಮುಂದಿನ ತಿಂಗಳು ಕಂಪನಿಯ ಜಾಹೀರಾತಿನಲ್ಲಿ ‘ನಿಮ್ಮ ಫೈಲುಗಳು ಈಗ ಇನ್ನಷ್ಟು ಸುರಕ್ಷಿತ’ ಎಂದು ಅಚ್ಚಾಯಿತು. ಅದನ್ನು ಓದಿ ನಗುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಅಪ್‌ಡೇಟ್ ಬಿಟ್ಟ ಮರುದಿನ ಹಲಸೂರಿಗೆ ಹೋಗಿ ಮೇಸ್ತ್ರಿಗೆ ಎಲ್ಲ ಹೇಳಿದೆ. ಹಾಳೆ ತಪ್ಪಾಗಿತ್ತು ಎಂದೆ. ಅಕ್ಷರಗಳು ಒಂದು ದಿನವೂ ಆ ಫೋಲ್ಡರಿನಲ್ಲಿ ಇರಲಿಲ್ಲ ಎಂದೆ. ಅದು ನನಗೆ ಒಂದು ತಿಂಗಳು ಮೊದಲೇ ಗೊತ್ತಿತ್ತು ಎಂದೂ ಹೇಳಿದೆ.

ಮಗಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. “ಗೊತ್ತಿತ್ತಾ? ಒಂದು ಫೋನ್ ಮಾಡೋಕಾಗ್ಲಿಲ್ವಾ ಮೇಡಂ? ಒಂದೇ ಒಂದು ಫೋನು!”

“ಮ್ಯಾನೇಜರ್ ಮೇಲೆ ಕೋಪ ಇತ್ತು” ಎಂದೆ. ಜೋರಾಗಿ ಹೇಳಿದಾಗ ಅದು ಎಷ್ಟು ಕ್ಷುಲ್ಲಕ ಎಂದು ನನಗೇ ಕೇಳಿಸಿತು.

“ಅವ್ರ ಮೇಲಿನ ಕೋಪಕ್ಕೆ ನಮ್ಮಪ್ಪನ ಕೈ ಬೇಕಿತ್ತಾ ನಿಮ್ಗೆ?”

ಮೇಸ್ತ್ರಿ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರ ಮನಸ್ಸು ಬೇರೆಲ್ಲೋ ಸಿಕ್ಕಿಕೊಂಡಿತ್ತು. “ಅಂದ್ರೆ, ಪ್ರತಿ ಶನಿವಾರ ನಾನು ಕಾಪಿ ಮಾಡಿದ್ದು ನಿಮ್ದೇ ಸಾಮಾನಾ?” ಎಂದು ಕೇಳಿದರು.

“ಹೌದು.”

“ಹುಷಾರಿಲ್ದೇ ಇದ್ರೂ ಬಂದು ಮಾಡ್ತಿದ್ದೆ. ಇವಳಮ್ಮ ತೀರ್ಹೋದ ವಾರನೂ ಮಾಡಿದೀನಿ. ಮನೆ ತುಂಬ ಜನ ಇದ್ರು, ಶನಿವಾರ ಅಂತ ಎದ್ದು ಬಂದೆ.” ಮಗಳ ಕಡೆ ತಿರುಗಿ, “ನೀನು ಬೈದೆ ನೋಡು, ಏನಪ್ಪಾ ಇವತ್ತೂನಾ ಅಂತ” ಎಂದರು. ಆಮೇಲೆ ತಲೆ ತಗ್ಗಿಸಿ ತಮಿಳಿನಲ್ಲಿ ಏನೋ ಹೇಳಿಕೊಂಡರು. ಮಗಳು ಅದನ್ನು ನನಗೆ ಕನ್ನಡದಲ್ಲಿ ಹೇಳಲಿಲ್ಲ.

ಕಲ್ಲುಗಳಿಂದಲೇ ಅಕ್ಷರ ವಾಪಸ್ ತೆಗೆಯೋಣ ಎಂದು ನಾನೇ ಸೂಚಿಸಿದೆ. ಹೆಂಡತಿಯ ಕಲ್ಲನ್ನು ಬಿಚ್ಚಿ ಅಂಗಡಿಗೆ ತರಿಸಿದರು. ಅದರ ಮೇಲೆ ತೆಳು ಕಾಗದ ಹರಡಿ ಮೇಣದ ಕಡ್ಡಿ ತಿಕ್ಕಿ ಅಚ್ಚು ತೆಗೆದೆ. ಇನ್ನಷ್ಟು ಅಕ್ಷರಕ್ಕಾಗಿ ಎರಡು ಭಾನುವಾರ ಮಗಳ ಜೊತೆ ಸ್ಮಶಾನದಲ್ಲಿ ಮೊಣಕಾಲೂರಿ ಅಲೆದೆ. ಅವಳು ಕಲ್ಲು ತೋರಿಸಿ ಮುಂದಿನದಕ್ಕೆ ನಡೆಯುತ್ತಿದ್ದಳು. ಅಚ್ಚುಗಳನ್ನು ಸ್ಕ್ಯಾನ್ ಮಾಡಿ ಚುಕ್ಕಿ ಇಟ್ಟು ಜೋಡಿಸಿದೆ. ಕಲ್ಲಿನಲ್ಲಿ ಮೊಳೆ ಓಡಿದ ಗೆರೆ ದಪ್ಪ, ಪಾಲಿಶ್ ಹಿಡಿದು ಅಂಚು ಸವೆದಿರುತ್ತದೆ, ತಿರುವು ಎಲ್ಲಿ ಶುರುವಾಯಿತು ಎಂಬುದು ಊಹೆಯ ಮಾತು. ಹತ್ತು ದಿನ ಕಷ್ಟಪಟ್ಟು ಮೇಸ್ತ್ರಿಯ ಹೆಸರು ಜೋಡಿಸಿ ಪರದೆಯ ಮೇಲೆ ತೋರಿಸಿದೆ.

ಮೇಸ್ತ್ರಿ ಬಹಳ ಹೊತ್ತು ನೋಡಿದರು. ಬೆರಳು ಪರದೆಯ ಹತ್ತಿರ ಹೋಯಿತು, ನಡುಗುತ್ತಾ ನಿಂತಿತು. “ಇಲ್ಲಿ ಇಷ್ಟು ಬಗ್ಗಲ್ಲ. ಇದೂ ಅಲ್ಲ.” ಕೈ ಹಿಂದಕ್ಕೆ ತೆಗೆದುಕೊಂಡರು. “ನನ್ನ ಅಕ್ಷರಾನ ಯಾರೋ ನೋಡ್ಕೊಂಡ್ ಬರ್ದಂಗಿದೆ. ಇದು ಬೇಡಮ್ಮಾ.”

ಕಲ್ಲರೈ ತಿರುನಾಳ್ ಹತ್ತಿರ ಬಂತು. ಸತ್ತವರನ್ನು ನೆನೆದು ತಮಿಳು ಕ್ರೈಸ್ತರೆಲ್ಲ ಸಮಾಧಿಗೆ ಹೂವು, ಮೇಣದಬತ್ತಿ ತರುವ ದಿನ. ಅಷ್ಟರೊಳಗೆ ಹೆಂಡತಿಯ ಕಲ್ಲು ಅದರ ಜಾಗಕ್ಕೆ ವಾಪಸ್ ಹೋಗಬೇಕಿತ್ತು. ಆ ವಾರ ಮಗಳು ಫೋನ್ ಮಾಡಿದಳು. “ನೀವು ಬರ್ಬೇಕು ಅಂದ್ರು ಅಪ್ಪ. ಸ್ಕ್ಯಾನರ್ ತಗೊಂಡ್ ಬನ್ನಿ.” ಅಷ್ಟೇ ಹೇಳಿ ಇಟ್ಟಳು.

ಹೋದಾಗ ನನ್ನ ಕಣ್ಣು ಮೊದಲು ಗೋಡೆಗೆ ಹೋಯಿತು. ಹಾಳೆ ಇರಲಿಲ್ಲ. ನಾಲ್ಕು ಮೂಲೆಯ ಟೇಪಿನ ಗುರುತು ಮಾತ್ರ ಉಳಿದಿತ್ತು. ಹಾಳೆ ಮೇಜಿನ ಮೇಲೆ ಮಗುಚಿ ಬಿದ್ದಿತ್ತು. ಅದರ ಹಿಂಬದಿಯ ಮೇಲೆ ಕಪ್ಪು ಪೆನ್ನಿನಲ್ಲಿ ಮೇಸ್ತ್ರಿ ತಮ್ಮ ಹೆಸರು ಬರೆದಿದ್ದರು. ಒಂದೊಂದು ಗೆರೆಯೂ ನಡುಗಿತ್ತು. ತಿರುವುಗಳು ಮೆಟ್ಟಿಲು ಮೆಟ್ಟಿಲಾಗಿದ್ದವು. ಒಂದು ಕಡೆ ಪೆನ್ನು ಜಾರಿ, ಮತ್ತೆ ಬಂದು ಸೇರಿಕೊಂಡಿತ್ತು.

“ಮೂರು ದಿನ ಬರ್ದೆ. ಇದು ಸ್ವಲ್ಪ ವಾಸಿ” ಎಂದರು. “ಹಿಂಗೇ ಹಾಕ್ಬೇಕು. ಸರಿ ಮಾಡ್ಬಾರ್ದು. ನಿಮ್ಮ ಮೆಷಿನ್ ತಾನೇ ಸರಿ ಮಾಡುತ್ತಲ್ಲ, ಅದನ್ನ ನಿಲ್ಸು.”

ನಮ್ಮ ಪ್ರೋಗ್ರಾಮಿನಲ್ಲಿ ಗೆರೆ ನಯ ಮಾಡುವ ಸೆಟ್ಟಿಂಗು ಇದೆ, ಹೇಳದಿದ್ದರೂ ಚಾಲೂ ಇರುತ್ತದೆ. ಅದನ್ನು ನಿಲ್ಲಿಸಿದೆ. ಸ್ಕ್ಯಾನ್ ಮಾಡಿದೆ. ಪರದೆಯಲ್ಲಿ ದೊಡ್ಡದು ಮಾಡಿದಾಗ ಅವರ ಹೆಸರಿನ ಹಿಂದೆ ತಿಳಿ ನೀಲಿಯಲ್ಲಿ ಏನೋ ಮಸುಕಾಗಿ ಕಂಡಿತು. ಹಾಳೆಯ ಮುಂಬದಿಯ ಸ್ಕೆಚ್ ಪೆನ್ನು ಸೋರಿ ಈಚೆ ಬದಿಗೆ ಮೂಡಿತ್ತು. ತಿರುಗುಮುರುಗಾದ ನನ್ನ ಕೈಬರಹ. ಬಾಣದ ಗುರುತು ಅವರ ಹೆಸರಿನ ಮೊದಲ ಅಕ್ಷರದ ಹೊಟ್ಟೆಯೊಳಗೆ ಬಂದಿತ್ತು, ‘ಅಷ್ಟೇ’ ಕೆಳಗಿನ ಎರಡು ಗೆರೆಗಳು ಕೊನೆಯ ಅಕ್ಷರವನ್ನು ಅಡ್ಡಕ್ಕೆ ದಾಟಿದ್ದವು.

ನೀಲಿಯನ್ನು ಅಳಿಸುತ್ತಾ ಕೂತೆ. ಖಾಲಿ ಜಾಗದಲ್ಲಿ ಸುಲಭ. ಅವರ ಗೆರೆ ಮತ್ತು ನನ್ನ ಗೆರೆ ಕೂಡಿದ ಕಡೆ ಯಾವುದು ಅವರ ನಡುಕ, ಯಾವುದು ನನ್ನ ಶಾಯಿ ಎಂದು ಹೇಳುವುದು ಕಷ್ಟ. ಒಂದೊಂದು ಚುಕ್ಕಿಗೂ ಹಾಳೆ ಎತ್ತಿ ಬೆಳಕಿಗೆ ಹಿಡಿದು ನೋಡಿ ಅಳಿಸಿದೆ. ಇಡೀ ಮಧ್ಯಾಹ್ನ ಹೋಯಿತು. ಮಗಳು ನನ್ನ ಬೆನ್ನ ಹಿಂದೆ ನಿಂತು ಪ್ರತಿ ಚುಕ್ಕಿಯನ್ನೂ ನೋಡಿದಳು. “ಅದು ಬಿಡಿ, ಅದು ಅಪ್ಪಂದು” ಎಂದು ಎರಡು ಕಡೆ ತಡೆದಳು.

ಉಳಿಸುವಾಗ ಎಲ್ಲ ಸರಿಯಾಗಿ ಮಾಡಿದೆ. ಡಾಕ್ಯುಮೆಂಟ್ಸಿನಲ್ಲಿ ಅವರ ಹೆಸರಿನ ಫೋಲ್ಡರ್. ಪೆನ್ ಡ್ರೈವಿಗೆ ಒಂದು ನಕಲು. ಆ ನಕಲನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, ಹೆಸರು ಕಾಣುವುದನ್ನು ಖಾತ್ರಿ ಮಾಡಿಕೊಂಡೆ. ಏಳು ವರ್ಷದ ಹಿಂದೆ ಮಾಡಬೇಕಾಗಿದ್ದ ಕೆಲಸ, ಐದು ನಿಮಿಷ ಹಿಡಿಯಿತು.

ಕಲ್ಲನ್ನು ಯಂತ್ರಕ್ಕೆ ಏರಿಸಿದರು. ಮೊಳೆ ಇಳಿಯಿತು, ನೀರು ಚಿಮ್ಮಿತು. ಯಂತ್ರ ಆ ನಡುಕವನ್ನು ಒಂದಿಷ್ಟೂ ನಡುಗದೆ ಕೆತ್ತಿತು. ಮೇಲೆ ಹೆಂಡತಿಯ ಹೆಸರು ಕಾಲು ಚಾಚಿ ಕೂತಿತ್ತು, ಕೆಳಗೆ ಗಂಡನ ಹೆಸರು ಗೋಡೆ ಹಿಡಿದು ನಿಂತಿತ್ತು. ಹುಟ್ಟಿದ ತಾರೀಖಿನ ಪಕ್ಕ ಒಂದು ಸಣ್ಣ ಗೆರೆ, ಅದರಾಚೆ ಖಾಲಿ ಕಲ್ಲು. “ತಾರೀಖು ನಾನು ಉಳಿಯಲ್ಲಿ ಹೊಡೀತೀನಿ” ಎಂದಳು ಮಗಳು, ಯಾರೂ ಕೇಳದಿದ್ದರೂ.

ಮೇಸ್ತ್ರಿ ಕಲ್ಲಿನ ಮೇಲಿನ ಕೆಸರನ್ನು ಎಡಗೈಯಿಂದ ಒರೆಸಿ, ಕೆತ್ತಿದ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನತ್ತ ನೋಡಿ, “ಈಗ ಫೈಲು ಎಲ್ಲಿದೆ?” ಎಂದರು.

ನನಗೆ ಹೇಳಲು ಆತುರ. ಫೋಲ್ಡರ್ ತೆರೆದು ತೋರಿಸಿದೆ. ಪೆನ್ ಡ್ರೈವ್ ತೋರಿಸಿದೆ. ಇನ್ನು ಯಾವ ಅಪ್‌ಡೇಟೂ ಇದನ್ನು ಮುಟ್ಟುವುದಿಲ್ಲ, ಕಣ್ಣಿಗೆ ಕಾಣುವುದೇ ನಿಜವಾಗಿಯೂ ಇರುವುದು ಎಂದೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು.

“ಅಳಿಸ್ಬಿಡಮ್ಮಾ” ಎಂದರು.

“ಯಾಕೆ ಸಾರ್? ಈಗ ಸರಿಯಾದ ಜಾಗದಲ್ಲಿದೆ.”

“ಕಲ್ಲಲ್ಲಿ ಇದೆಯಲ್ಲ, ಸಾಕು” ಎಂದು ಅವರು ಕಲ್ಲಿಗೆ ನೀರು ಹಾಕಲು ತಿರುಗಿದರು. ನಾನು ಇನ್ನೊಮ್ಮೆ ಆ ಫೋಲ್ಡರ್ ತೆರೆದೆ.

“ಅಪ್ಪ ಹೇಳಿದ್ದು ಕೇಳಿಸ್ತಲ್ಲ ಮೇಡಂ?” ಎಂದಳು ಮಗಳು. ಅಳಿಸಿದೆ. ಪೆನ್ ಡ್ರೈವಿನಲ್ಲಿದ್ದದ್ದನ್ನೂ, ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೂ ಅಳಿಸಿದೆ. ಅವಳು ಪರದೆಯ ಮೇಲಿನ ಕಸದಬುಟ್ಟಿಯ ಚಿತ್ರ ತೋರಿಸಿ, “ಅದೂ” ಎಂದಳು. ಅದನ್ನೂ ಖಾಲಿ ಮಾಡಿದೆ.